ಔಷಧವಿಕ್ರಯವೂ ನಮ್ಮ ತಾಲೂಕುಗಳ ತರುಣರೂ

ಅಫಜಲಪುರ ತಾಲೂಕಿನ ಗೃಹಸ್ಥರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಅವರ ಹಿರಿಯ ಚಿರಂಜೀವನು ಪಿ.ಯು.ಸಿ. ವಿಜ್ಞಾನ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಕಲಬುರಗಿಯಲ್ಲಿ ಡಿ.ಫಾರ್ಮ ವ್ಯಾಸಂಗಕ್ಕೆ ಸೇರಿದ್ದಾನೆ. ಎರಡು ವರ್ಷದ ಓದು ಮುಗಿದ ತರುವಾಯ ಊರಿನ ಬಸ್ ನಿಲ್ದಾಣದ ಸಮೀಪದಲ್ಲಿ ಅವನಿಗೊಂದು ಮೆಡಿಕಲ್ ಅಂಗಡಿಯನ್ನು ಇಡಿಸಬೇಕೆಂಬುದು ಮನೆಮಂದಿಯೆಲ್ಲರ ಸಂಕಲ್ಪ. ತೊಗರಿಯ ಬೆಳೆಯನ್ನು ನೆಚ್ಚಿ ಸಾಲ ತೆಗೆದು ಫೀಸು ಕಟ್ಟಿದ್ದಾರೆ. ಹೀಗಿರುವಲ್ಲಿ, ಬೀಗರ ಮನೆಗೆ ಹೋದಾಗ ಅಲ್ಲಿಯ ಅಜ್ಜಿಯ ರಕ್ತದೊತ್ತಡದ ಗುಳಿಗೆಗಳು ಮೊಬೈಲಿನ ಮೂಲಕ ಹೇಳಿಕಳುಹಿಸಲ್ಪಟ್ಟು, ಪೆಟ್ಟಿಗೆಯಲ್ಲಿ ಬಂದು ಬಾಗಿಲಿನಲ್ಲಿ ಇಳಿದುದನ್ನೂ, ಅವುಗಳ ಬೆಲೆಯು ಊರಿನ ಅಂಗಡಿಗಿಂತ ನೂರಕ್ಕೆ ಹದಿನೈದಿಪ್ಪತ್ತರಷ್ಟು ಕಡಿಮೆಯಿದ್ದುದನ್ನೂ ಅವರು ಕಣ್ಣಾರೆ ಕಂಡರಂತೆ. “ಇನ್ನು ಅಂಗಡಿಯೆಲ್ಲಿಯದು? ನನ್ನ ಮಗನ ವಿದ್ಯೆಗೆ ಸುರಿದ ಹಣವು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಲಿಲ್ಲವೇ?” ಎಂದು ಕೇಳಿದ್ದಾರೆ.

ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರವು ನನಗಿಂತಲೂ ಆ ವಿದ್ಯೆಯನ್ನು ಅಭ್ಯಾಸ ಮಾಡುತ್ತಿರುವ ಮಕ್ಕಳಿಗೇ ಹೆಚ್ಚು. ನನ್ನ ಮುಂದೆ ಕುಳಿತು ರಾಮಶಬ್ದವನ್ನು ಬಾಯಿಪಾಠ ಮಾಡಿದವರಲ್ಲಿ ಕೆಲವರು ಇಂದು ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದಾರೆ. ಅಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರ ಮಾತೋಶ್ರೀ ತಾರಾದೇವಿ ರಾಂಪೂರೆ ಹೆಸರಿನ ಔಷಧವಿಜ್ಞಾನ ಸಂಸ್ಥೆಯೂ ಲುಕ್ಮಾನ್ ಫಾರ್ಮಸಿ ಕಾಲೇಜೂ ಮೊದಲಾದ ವಿದ್ಯಾಸ್ಥಾನಗಳಿರುವುದರಿಂದ, ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ದಿಕ್ಕುಗಳಿಂದಲೂ ಬೆಳಗಿನ ಬಸ್ಸು ಹಿಡಿದು ಹೋಗುವ ವಿದ್ಯಾರ್ಥಿಗಳು ಉಂಟು. ರಜೆಗೆ ಊರಿಗೆ ಬಂದಾಗ ಅವರಲ್ಲಿ ಹಲವರನ್ನು ನಾನು ಕರೆದು ಕೂರಿಸಿಕೊಂಡು ವಿಚಾರಿಸಿದೆನು. ಎಲ್ಲರೂ ಒಂದೇ ಮಾತು ಹೇಳುವರೆಂದು ನಾನು ಭಾವಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಒಬ್ಬನ ಮಾತು ಮತ್ತೊಬ್ಬನಿಗೆ ಸರಿಬೀಳಲಿಲ್ಲ. ಆ ಭಿನ್ನಾಭಿಪ್ರಾಯದಲ್ಲಿಯೇ ವಿಷಯದ ತಿರುಳಿದೆಯೆಂದು ನನಗೆ ತೋರಿತು.

ಅವರ ಮಾತಿಗೆ ಮುಂಚೆ ಈ ಉದ್ಯೋಗದ ಮೂಲವನ್ನು ಕೊಂಚ ನೋಡೋಣ. ನಮ್ಮ ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು ಹೇಳಲ್ಪಟ್ಟಿವೆ: ವೈದ್ಯ, ಔಷಧದ್ರವ್ಯ, ಉಪಚಾರಕ ಮತ್ತು ರೋಗಿ. ಔಷಧವನ್ನು ಮಾರುವವನಿಗೆ ಇಲ್ಲಿ ಪ್ರತ್ಯೇಕ ಪಾದವಿಲ್ಲ. ಬೇರನ್ನು ಅರೆಯಿಸಿ, ಕಷಾಯವನ್ನು ಕುದಿಸಿ ಕೊಡಿಸುವ ಹೊಣೆ ವೈದ್ಯನದೇ ಆಗಿದ್ದುದರಿಂದ ಬೇರೊಬ್ಬನ ಅವಶ್ಯಕತೆಯೂ ಕಾಣಲಿಲ್ಲ. (ಪ್ರಸಂಗವಶಾತ್ ಒಂದು ಮಾತು: ಓಷಧಿಯೆಂದರೆ ಫಲ ಪಕ್ವವಾದೊಡನೆ ಒಣಗುವ ಸಸ್ಯ, ಅದರಿಂದಾದುದು ಔಷಧ. ನಮ್ಮ ಜನರು ಎರಡನ್ನೂ ಬೆರಸಿ “ಔಷಧಿ” ಎನ್ನುತ್ತಾರೆ. ಮೂವತ್ತು ವರ್ಷ ತಿದ್ದಿದೆನು, ರೂಢಿಯು ಗೆದ್ದಿತು.) ಯುರೋಪಿನಲ್ಲಿ ೧೩ನೆಯ ಶತಮಾನದಲ್ಲಿ ಸಿಸಿಲಿಯ ಅರಸನಾದ ಎರಡನೆಯ ಫ್ರೆಡರಿಕನು ವೈದ್ಯನ ಕೆಲಸವನ್ನೂ ಔಷಧ ಕೊಡುವವನ ಕೆಲಸವನ್ನೂ ಕಾನೂನಿನಿಂದ ಬೇರ್ಪಡಿಸಿದನು. ಬರೆದುಕೊಡುವವನಿಗೆ ಮಾರಾಟದ ಲಾಭದಲ್ಲಿ ಪಾಲಿರಕೂಡದು. ಒಬ್ಬನು ಬರೆದುದನ್ನು ಮತ್ತೊಬ್ಬನು ತಿಳಿದು ನೋಡಿ ಕೊಡಬೇಕು. ಹೀಗಾದರೆ ರೋಗಿಗೆ ಎರಡು ಜೊತೆ ಕಣ್ಣುಗಳ ಕಾವಲು ದೊರೆಯುವುದು. ಫಾರ್ಮಸಿಸ್ಟನೆಂಬ ಮನುಷ್ಯನು ಲೋಕಕ್ಕೆ ಬೇಕಾದುದು ಆ ಎರಡನೆಯ ಜೊತೆ ಕಣ್ಣಿಗಾಗಿ.

ನಮ್ಮ ದೇಶದಲ್ಲಿ ಈ ವ್ಯವಸ್ಥೆಯು ತಡವಾಗಿ ಬಂದಿತು. ಕಲಬೆರಕೆಯ ಔಷಧಗಳ ಹಾವಳಿಯನ್ನು ವಿಚಾರಿಸಲು ೧೯೩೦ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ೧೯೩೨ರಲ್ಲಿ ಮಹಾದೇವ ಲಾಲ್ ಶ್ರಾಫರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪಾಠವನ್ನು ಆರಂಭಿಸಿದರು. ೧೯೪೦ರಲ್ಲಿ ಔಷಧಗಳ ಕಾಯಿದೆಯೂ, ೧೯೪೮ರ ಮಾರ್ಚಿಯಲ್ಲಿ ಫಾರ್ಮಸಿ ಕಾಯಿದೆಯೂ ಬಂದವು. ಈ ಎರಡನೆಯ ಕಾಯಿದೆ ಬಂದಾಗ ನಮ್ಮ ಮೂರು ತಾಲೂಕುಗಳು ಇನ್ನೂ ನಿಜಾಮರ ರಾಜ್ಯದಲ್ಲಿಯೇ ಇದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಆಳಿಕೆ ಮುಗಿಯಿತು. ಆಸ್ಪತ್ರೆಯನ್ನು ನಮ್ಮವರು ಇಂದಿಗೂ ದವಾಖಾನೆಯೆಂದೇ ಕರೆಯುವುದು ಆ ಕಾಲದ ಉಳಿಕೆ. ಕಾಯಿದೆಯ ೪೨ನೆಯ ಕಲಮಿನ ತಾತ್ಪರ್ಯವಿಷ್ಟೆ: ವೈದ್ಯರ ಚೀಟಿಯ ಮೇಲೆ ಔಷಧವನ್ನು ಕೊಡುವವನು ನೋಂದಾಯಿತ ಫಾರ್ಮಸಿಸ್ಟನಾಗಿರತಕ್ಕದ್ದು.

ಇನ್ನು ಆನ್‌ಲೈನ್ ಔಷಧಾಲಯಗಳ ವೃತ್ತಾಂತ. ಸುಮಾರು ೨೦೧೫ರಿಂದ ಇವು ನಗರಗಳಲ್ಲಿ ತಲೆಯೆತ್ತಿದವು. ಮೊಬೈಲಿನಲ್ಲಿ ವೈದ್ಯರ ಚೀಟಿಯ ಚಿತ್ರವನ್ನು ತೆಗೆದು ಕಳುಹಿಸಿದರೆ, ಎಲ್ಲಿಯೋ ಒಂದು ದೊಡ್ಡ ಉಗ್ರಾಣದಲ್ಲಿ ಅಥವಾ ಅವರೊಡನೆ ಒಪ್ಪಂದವಿರುವ ಅಂಗಡಿಯಲ್ಲಿ ಅದನ್ನು ಪರಿಶೀಲಿಸಿ, ಕಟ್ಟಿ, ಅಂಚೆಯ ಪೆಟ್ಟಿಗೆಯಂತೆ ರವಾನಿಸುತ್ತಾರೆ. ೨೦೨೦ರ ಆಗಸ್ಟಿನಲ್ಲಿ ಅಮೆಜಾನ್ ಸಂಸ್ಥೆಯು ಈ ವ್ಯಾಪಾರವನ್ನು ಬೆಂಗಳೂರಿನಿಂದ ಆರಂಭಿಸಿತು. ಅದೇ ತಿಂಗಳು ರಿಲಯನ್ಸಿನವರು ನೆಟ್‌ಮೆಡ್ಸ್ ಸಂಸ್ಥೆಯ ಬಹುಪಾಲನ್ನು ಕೊಂಡರು. ಮರುವರ್ಷ ಟಾಟಾದವರು ಒನ್‌ಎಂಜಿ ಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡರು. ಹೀಗೆ ದೇಶದ ಅತಿ ದೊಡ್ಡ ಬಂಡವಾಳಗಾರರು ಕೆಮ್ಮಿನ ಔಷಧವನ್ನು ಮಾರಲು ಬಂದಿರುವಾಗ, ಬಸ್ ನಿಲ್ದಾಣದ ಸಮೀಪದ ಹತ್ತು ಅಡಿಯ ಮಳಿಗೆಯವನು ಬೆದರಿದರೆ ಅದು ಹೇಡಿತನವಲ್ಲ.

ಕಾನೂನು ಇವರ ವಿಷಯದಲ್ಲಿ ಏನು ಹೇಳುತ್ತದೆ? ಸ್ಪಷ್ಟವಾಗಿ ಹೇಳದಿರುವುದೇ ಇಲ್ಲಿಯ ತೊಡಕು. ೨೦೧೮ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಕರಡು ನಿಯಮಗಳನ್ನು ಪ್ರಕಟಿಸಿತು. ಇಂಥ ಸಂಸ್ಥೆಗಳು ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಬೇಕು, ಅಮಲಿನ ಪದಾರ್ಥಗಳನ್ನು ಮಾರಕೂಡದು, ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸಲು ನೋಂದಾಯಿತ ಫಾರ್ಮಸಿಸ್ಟನನ್ನು ಇಟ್ಟಿರಬೇಕು ಎಂದು ಅದರಲ್ಲಿತ್ತು. ಆ ಕರಡು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಅದೇ ೨೦೧೮ರ ಡಿಸೆಂಬರ್ ೧೨ರಂದು ದೆಹಲಿಯ ಉಚ್ಚ ನ್ಯಾಯಾಲಯವು ಪರವಾನಗಿಯಿಲ್ಲದ ಆನ್‌ಲೈನ್ ಔಷಧ ಮಾರಾಟವನ್ನು ತಡೆಯಬೇಕೆಂದು ಆಜ್ಞೆ ಮಾಡಿತು. ಮಾರಾಟವು ನಡೆದೇ ಇತ್ತು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಮಹಾಮಾರಿಯ ನಿಮಿತ್ತ, ಪರವಾನಗಿಯುಳ್ಳ ಅಂಗಡಿಯವರು ಔಷಧವನ್ನು ಮನೆಬಾಗಿಲಿಗೆ ಮುಟ್ಟಿಸಬಹುದೆಂದು ಸರಕಾರವು ಅನುಮತಿ ಕೊಟ್ಟಿತು. ಆ ಅನುಮತಿಯ ಮರೆಯಲ್ಲಿಯೇ ದೊಡ್ಡ ಸಂಸ್ಥೆಗಳು ಬೆಳೆದವೆಂಬುದು ಅಂಗಡಿಕಾರರ ಸಂಘದವರ ದೂರು. ಅವರು ಇದಕ್ಕೂ ಮೊದಲೇ ೨೦೧೫ರ ಅಕ್ಟೋಬರ್ ೧೪, ೨೦೧೭ರ ಮೇ ೩೦, ೨೦೧೮ರ ಸೆಪ್ಟೆಂಬರ್ ೨೮, ಹೀಗೆ ಮೂರು ಬಾರಿ ದೇಶಾದ್ಯಂತ ಅಂಗಡಿಗಳ ಬಾಗಿಲನ್ನು ಮುಚ್ಚಿ ಪ್ರತಿಭಟಿಸಿದ್ದರು.

ನಾನು ವಿಚಾರಿಸಿದವರಲ್ಲಿ ಮೊದಲನೆಯವನು ಅಫಜಲಪುರದ ಕಡೆಯ ಹುಡುಗ, ಡಿ.ಫಾರ್ಮ ಎರಡನೆಯ ವರ್ಷ. ಇವನ ಸೋದರಮಾವನದು ಮೆಡಿಕಲ್ ಅಂಗಡಿ; ಆದ್ದರಿಂದ ಲೆಕ್ಕವನ್ನು ಬಲ್ಲವನು. “ಸರ್, ಬೆಲೆ ಕಟ್ಟಿದ ಔಷಧದಾಗ ಅಂಗಡಿಯವ್ರಿಗಿ ನೂರಕ್ಕ ಹದಿನಾರು ಲಾಭ ಅಂತ ಸರಕಾರನೇ ಇಟ್ಟದ. ಹದಿನಾರು ಸಿಗಾವ ಇಪ್ಪತ್ತು ಹೆಂಗ ಬಿಡಬೇಕ್ರೀ?” ಎಂದು ಕೇಳಿದನು. ಅವನು ಹೇಳಿದುದು ಸತ್ಯ. ೨೦೧೩ರ ಔಷಧ ಬೆಲೆ ನಿಯಂತ್ರಣದ ಆದೇಶದಲ್ಲಿ ಬೆಲೆ ಕಟ್ಟುವಾಗ ಚಿಲ್ಲರೆ ವ್ಯಾಪಾರಿಗೆಂದು ಹಿಡಿದಿರುವ ಅಂಶ ಅಷ್ಟೇ. ಅದರಲ್ಲಿ ಅಂಗಡಿಯ ಬಾಡಿಗೆ, ದೀಪದ ಬಿಲ್ಲು, ಅವಧಿ ಮೀರಿ ಉಳಿದ ಸರಕಿನ ನಷ್ಟ, ಊರವರ ಉದ್ದರಿ ಎಲ್ಲವೂ ಕಳೆಯಬೇಕು. ದೊಡ್ಡ ಸಂಸ್ಥೆಯು ಒಮ್ಮೆಗೆ ರಾಶಿ ಸರಕನ್ನು ಕೊಳ್ಳುವುದರಿಂದ ಅದಕ್ಕೆ ಅಗ್ಗವಾಗಿ ಬರುತ್ತದೆ. ಮೇಲಾಗಿ ಬಂಡವಾಳಗಾರರ ಹಣದಿಂದ ಕೆಲವು ಕಾಲ ನಷ್ಟವನ್ನು ನುಂಗಿಕೊಂಡಾದರೂ ಗಿರಾಕಿಯನ್ನು ಹಿಡಿಯಬಲ್ಲದು. ಊರಿನ ಅಂಗಡಿಯವನಿಗೆ ಆ ಬಲವಿಲ್ಲ. ಆದುದರಿಂದ ಆನ್‌ಲೈನ್ ಮಾರಾಟವನ್ನು ಪೂರ್ತಿಯಾಗಿ ನಿಷೇಧಿಸಬೇಕೆಂಬುದು ಈ ಹುಡುಗನ ಮತ. ಹೀಗೆ ಹೇಳುವವರ ಸಂಖ್ಯೆಯೇ ಅವರಲ್ಲಿ ಹೆಚ್ಚು.

ಜೇವರ್ಗಿಯ ಕಡೆಯವನೊಬ್ಬನು ಬಿ.ಫಾರ್ಮ ಕಡೆಯ ವರ್ಷದಲ್ಲಿದ್ದಾನೆ. ಅವನು ನಕ್ಕುಬಿಟ್ಟನು. ಅವನ ಅಣ್ಣನ ಗೆಳೆಯನು ಅದೇ ವಿದ್ಯೆಯನ್ನು ಕಲಿತು, ಬೆಂಗಳೂರಿನಲ್ಲಿ ಇಂಥ ಸಂಸ್ಥೆಯೊಂದರ ಉಗ್ರಾಣದಲ್ಲಿ ಚೀಟಿಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದಾನೆ. ತಿಂಗಳಿಗೊಮ್ಮೆ ನಿಯಮಿತವಾಗಿ ಸಂಬಳ ಬರುತ್ತದೆ. ಊರಿನಲ್ಲಿ ಅಂಗಡಿ ಇಟ್ಟು ಉದ್ದರಿ ವಸೂಲಿಗೆ ಅಲೆಯುವುದಕ್ಕಿಂತ ಅದು ಲೇಸಲ್ಲವೇ ಎಂದು ಇವನ ವಾದ. ಕಾಲೇಜುಗಳು ಅಷ್ಟೊಂದು ಹೆಚ್ಚಿರುವಾಗ ಎಲ್ಲರಿಗೂ ಅಂಗಡಿಯೆಲ್ಲಿ, ಎಲ್ಲರಿಗೂ ಸರಕಾರಿ ದವಾಖಾನೆಯಲ್ಲಿ ಸ್ಥಾನವೆಲ್ಲಿ ಎಂದೂ ಕೇಳಿದನು. ಇದೂ ತಳ್ಳಿಹಾಕುವ ಮಾತಲ್ಲ. ಹೊಸ ಕಾಲೇಜುಗಳಿಗೆ ಐದು ವರ್ಷ ಅನುಮತಿ ಕೊಡುವುದಿಲ್ಲವೆಂದು ಭಾರತೀಯ ಫಾರ್ಮಸಿ ಪರಿಷತ್ತೇ ೨೦೧೯ರಲ್ಲಿ ನಿರ್ಣಯಿಸಿತ್ತು. ಆ ನಿರ್ಣಯವು ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಲಿಲ್ಲ.

“ಹಾಗಾದರೆ ದಿನಕ್ಕೆ ಎಷ್ಟು ಚೀಟಿ ನೋಡುತ್ತಾನಪ್ಪಾ ಆ ಗೆಳೆಯ?” ಎಂದು ನಾನು ಕೇಳಿದೆನು. ಲೆಕ್ಕ ತಿಳಿಯದು, ಪರದೆಯ ಮೇಲೆ ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ ಎಂದನು. ರೋಗಿಯ ಮುಖವನ್ನು ನೋಡುವ ಪ್ರಸಂಗವಿಲ್ಲ.

ಎಲ್ಲರ ಮಾತಿಗಿಂತ ನನ್ನ ಮನಸ್ಸಿನಲ್ಲಿ ನಾಟಿದುದು ಆಳಂದದ ಹೆಣ್ಣುಮಗಳೊಬ್ಬಳ ಮಾತು. ಬಿ.ಫಾರ್ಮ ಮೂರನೆಯ ವರ್ಷ, ಮಾತು ಕಡಿಮೆ. ಇತರರು ಕಡಿತದ ಲೆಕ್ಕವನ್ನು ಮಾಡುತ್ತಿರುವಾಗ ಸುಮ್ಮನಿದ್ದವಳು ಕೊನೆಗೆ, “ಮೊದಲ ಅಂಗಡ್ಯಾಗ ಕುಂತವರು ಯಾರು ಅಂತ ನೋಡ್ರಿ ಸರ್. ಗೋಡಿ ಮ್ಯಾಲ ಒಬ್ಬರ ಹೆಸರು ಇರ್ತದ, ಕುರ್ಚಿ ಮ್ಯಾಲ ಇನ್ನೊಬ್ಬರು ಇರ್ತಾರ,” ಎಂದಳು. ಹುಡುಗರು ತಲೆ ತಗ್ಗಿಸಿದರು.

ವಾಚಕರು ಈ ಮಾತಿನ ಅರ್ಥವನ್ನು ಬಲ್ಲರು. ಪ್ರಮಾಣಪತ್ರವು ಚೌಕಟ್ಟಿನಲ್ಲಿ ತೂಗುತ್ತಿರುತ್ತದೆ. ಅದರ ಒಡೆಯನು ಎಲ್ಲಿಯೋ ಬೇರೆ ಉದ್ಯೋಗದಲ್ಲಿದ್ದು, ತಿಂಗಳಿಗೊಮ್ಮೆ ಬಾಡಿಗೆಯನ್ನು ಪಡೆಯುತ್ತಿರುತ್ತಾನೆ. ಔಷಧವನ್ನು ತೆಗೆದುಕೊಡುವವನು ಹತ್ತನೆಯ ತರಗತಿಯನ್ನು ಮುಗಿಸಿದನೋ ಇಲ್ಲವೋ ತಿಳಿಯದ ಬಾಲಕ. ಎಲ್ಲ ಅಂಗಡಿಗಳೂ ಹೀಗಿವೆಯೆಂದು ನಾನು ಹೇಳುವುದಿಲ್ಲ. ಮಧ್ಯರಾತ್ರಿಯಲ್ಲಿ ಬಾಗಿಲು ತಟ್ಟಿದರೆ ಎದ್ದು ಬಂದು ಔಷಧವನ್ನು ಕೊಟ್ಟ ಪುಣ್ಯವಂತರನ್ನೂ ನಾನು ಬಲ್ಲೆನು. ಆದರೆ ಕುರ್ಚಿಯು ಖಾಲಿಯಿರುವ ಅಂಗಡಿಗಳು ನಮ್ಮಲ್ಲಿ ಉಂಟೆಂಬುದನ್ನು ಯಾರೂ ಅಲ್ಲಗಳೆಯಲಾರರು. ನನಗೇ ಒಮ್ಮೆ ಒಂದು ಅಂಗಡಿಯಲ್ಲಿ ಹೆಸರು ಹೋಲುವ ಬೇರೆ ಗುಳಿಗೆಯ ಪಟ್ಟಿಯನ್ನು ಕೊಟ್ಟಿದ್ದರು; ಮನೆಯಲ್ಲಿ ಅಕ್ಷರ ಕೂಡಿಸಿ ಓದುವ ನನ್ನ ಹಳೆಯ ಚಾಳಿಯೇ ಅಂದು ಕಾಪಾಡಿತು. ಓದಲು ಬಾರದವರ ಗತಿಯೇನು?

ಆಳಂದದ ಆ ಹೆಣ್ಣುಮಗಳ ಮಾತನ್ನು ಹಿಡಿದು ಯೋಚಿಸಿದರೆ, ಆನ್‌ಲೈನ್ ಔಷಧಾಲಯವು ಫಾರ್ಮಸಿಸ್ಟನನ್ನು ಕುರ್ಚಿಯಿಂದ ಎಬ್ಬಿಸಿತೆನ್ನುವುದು ಪೂರ್ತಿ ಸರಿಯಲ್ಲ. ಅನೇಕ ಕಡೆ ಅವನು ಅದರಲ್ಲಿ ಕುಳಿತೇ ಇರಲಿಲ್ಲ. ಅಂಗಡಿಯಲ್ಲಿ ನಡೆಯುವ ಕೆಲಸವು ಕಪಾಟಿನಿಂದ ತೆಗೆದು ಕೈಗೆ ಕೊಟ್ಟು ಹಣವನ್ನು ಎಣಿಸುವುದಷ್ಟೇ ಆಗಿದ್ದರೆ, ಅದನ್ನು ಉಗ್ರಾಣವೂ ಯಂತ್ರವೂ ನಮ್ಮ ಹುಡುಗರಿಗಿಂತ ಅಗ್ಗವಾಗಿ ಮಾಡುವವು. ಅದನ್ನು ತಡೆಯಲು ಎಷ್ಟು ಬಾಗಿಲುಗಳನ್ನು ಎಷ್ಟು ದಿನ ಮುಚ್ಚಿದರೂ ಪ್ರಯೋಜನವಿಲ್ಲ. ಎರಡು ವರ್ಷವೋ ನಾಲ್ಕು ವರ್ಷವೋ ಕಲಿತ ವಿದ್ಯೆಯು ಗಿರಾಕಿಯ ಕಿವಿಗೆ ಬೀಳುವುದಾದರೆ ಮಾತ್ರ ಆ ಕುರ್ಚಿಗೆ ಬೆಲೆಯಿದೆ.

ಆ ವಿದ್ಯೆಯೆಂದರೆ ಏನೆಂಬುದಕ್ಕೆ ಒಂದೆರಡು ಉದಾಹರಣೆಗಳನ್ನು ಆ ಮಕ್ಕಳಿಂದಲೇ ಕೇಳಿ ತಿಳಿದೆನು. ಸಂಧಿವಾತಕ್ಕೆ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಬರೆಯುವುದುಂಟು. ಇದು ವಾರಕ್ಕೊಮ್ಮೆ ತೆಗೆದುಕೊಳ್ಳತಕ್ಕದ್ದು. ಇತರ ಗುಳಿಗೆಗಳಂತೆ ದಿನವೂ ನುಂಗಿದರೆ ರಕ್ತವು ಕೆಟ್ಟು ಪ್ರಾಣಕ್ಕೇ ಸಂಚಕಾರ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಪದವಿರುತ್ತದೆ; ಭೀಮೆಯ ದಂಡೆಯ ಹಳ್ಳಿಯ ಮುದುಕಿಗೆ ಅದನ್ನು ಓದಿ ಹೇಳುವವರು ಯಾರು? “ಆಯಿ, ಇದು ಸೋಮವಾರಕ್ಕೊಂದೇ. ಬ್ಯಾರೆ ದಿನ ಮುಟ್ಟಬ್ಯಾಡ” ಎಂದು ಹೇಳಿ, ಅವಳಿಂದ ತಿರುಗಿ ಹೇಳಿಸಿ, ಆಮೇಲೆ ಪಟ್ಟಿಯನ್ನು ಕೊಡುವವನೇ ಫಾರ್ಮಸಿಸ್ಟನು. ಥೈರಾಯಿಡಿನ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಕಬ್ಬಿಣದ ಗುಳಿಗೆ, ಸುಣ್ಣದ ಗುಳಿಗೆಗಳನ್ನು ಅದರಿಂದ ನಾಲ್ಕು ತಾಸು ದೂರ ಇಡಬೇಕು. ಇಲ್ಲವಾದರೆ ಔಷಧವು ಮೈಗೆ ಹತ್ತುವುದಿಲ್ಲ. ತೊಗರಿಯ ಕಟಾವಿನ ಕಾಲದಲ್ಲಿ ಸೊಂಟನೋವೆಂದು ಬಂದು ನೋವಿನ ಗುಳಿಗೆಯನ್ನು ದಿನಕ್ಕೆ ಮೂರರಂತೆ ಹದಿನೈದು ದಿನ ಒಯ್ಯುವವರುಂಟು. ಅವರಿಗೆ ಮೊದಲೇ ರಕ್ತದೊತ್ತಡದ ಔಷಧ ನಡೆದಿದ್ದರೆ ಎರಡೂ ಸೇರಿ ಮೂತ್ರಪಿಂಡವನ್ನು ಹಾಳುಮಾಡಬಲ್ಲವು. ಇದನ್ನು ಕೇಳಿ ತಿಳಿಯುವ ಮನುಷ್ಯನು ಎದುರಿಗಿರಬೇಕು. ೨೦೧೫ರ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ ರೋಗಿಗೆ ತಿಳಿವಳಿಕೆ ಹೇಳುವುದು ಫಾರ್ಮಸಿಸ್ಟನ ಕರ್ತವ್ಯಗಳಲ್ಲಿ ಒಂದೆಂದು ಸೇರಿಸಿದ್ದಾರೆ. ಓದುವ ಮಕ್ಕಳಿಗೆ ಇದು ಕಂಠಪಾಠವಾಗಿದೆ. ಅಂಗಡಿಗೆ ಹೋದರೆ ಮಾಡಿ ತೋರಿಸುವವರೇ ಇಲ್ಲವೆಂದು ಅವರ ಕೊರಗು. ಡಿ.ಫಾರ್ಮದವರು ಓದು ಮುಗಿದ ಮೇಲೆ ೫೦೦ ತಾಸುಗಳ ಪ್ರಾಯೋಗಿಕ ತರಬೇತಿಯನ್ನು ಪಡೆಯಬೇಕಷ್ಟೆ; ಅದರಲ್ಲಿಯೂ ಅನೇಕರಿಗೆ ದೊರೆಯುವುದು ಪೆಟ್ಟಿಗೆ ಹೊರುವ ಅಭ್ಯಾಸವೇ ಎಂದು ಒಬ್ಬನು ಹೇಳಿದನು.

ಹಾಗೆಂದು ಆನ್‌ಲೈನಿನವರನ್ನು ಸುಮ್ಮನೆ ಜರೆಯುವುದು ನ್ಯಾಯವಲ್ಲ. ಅಫಜಲಪುರ, ಆಳಂದಗಳ ರೋಗಿಗಳು ಸೊಲ್ಲಾಪುರದ ವೈದ್ಯರಲ್ಲಿಗೆ ಹೋಗುವುದು ಹಿಂದಿನಿಂದ ನಡೆದುಬಂದ ರೂಢಿ. ಅಲ್ಲಿ ಬರೆದ ಔಷಧವು ಇಲ್ಲಿಯ ಅಂಗಡಿಯಲ್ಲಿ ದೊರೆಯದೆ, ಒಂದು ಪಟ್ಟಿ ಗುಳಿಗೆಗಾಗಿ ಮತ್ತೆ ಬಸ್ಸು ಹತ್ತಿ ಒಂದು ದಿನದ ಕೂಲಿಯನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಮೊಬೈಲಿನಿಂದ ಬರುವ ಪೆಟ್ಟಿಗೆಯು ಉಪಕಾರವೇ. ಮಧುಮೇಹ, ರಕ್ತದೊತ್ತಡ ಮೊದಲಾದ, ತಿಂಗಳು ತಿಂಗಳೂ ಅದೇ ಔಷಧವನ್ನು ನುಂಗುವ ವೃದ್ಧರಿಗೆ ಬೆಲೆಯಲ್ಲಿ ಉಳಿಯುವ ಹಣವು ಸಣ್ಣದಲ್ಲ. ಬೆಂಗಳೂರಿನಲ್ಲಿರುವ ಮಗನು ಜೇವರ್ಗಿಯಲ್ಲಿರುವ ತಂದೆಗೆ ಅಲ್ಲಿಂದಲೇ ಔಷಧವನ್ನು ಕಳುಹಿಸಿಕೊಡಬಹುದಾದುದೂ ಒಂದು ಸಮಾಧಾನ. ನಗರದಲ್ಲಿ ಎರಡು ತಾಸಿನಲ್ಲಿ ಬರುವ ಪೆಟ್ಟಿಗೆಯು ಯಡ್ರಾಮಿಯ ಕಡೆಯ ಹಳ್ಳಿಗೆ ಬರುವಾಗ ದಿನಗಳೇ ಹಿಡಿಯುತ್ತವೆಂಬುದು ನಿಜ. ಆದುದರಿಂದ ರಾತ್ರಿ ಮಗುವಿಗೆ ಜ್ವರ ಬಂದರೆ, ಯಾರಿಗಾದರೂ ವಾಂತಿಭೇದಿಯಾದರೆ, ಆ ಪೆಟ್ಟಿಗೆಯ ದಾರಿಯನ್ನು ಕಾಯುವಂತಿಲ್ಲ. ಹತ್ತಿರದ ಅಂಗಡಿಯೇ ಗತಿ. ಆದರೆ ವರ್ಷಪೂರ್ತಿ ಲಾಭದ ವ್ಯಾಪಾರವನ್ನೆಲ್ಲ ದೂರದವರಿಗೆ ಕೊಟ್ಟು, ಆಪತ್ಕಾಲಕ್ಕೆ ಮಾತ್ರ ಊರಿನವನು ಬಾಗಿಲು ತೆರೆದಿರಲಿ ಎಂದರೆ ಅವನು ಹೇಗೆ ಬದುಕಬೇಕು? ಈ ಪ್ರಶ್ನೆಯನ್ನು ಅಫಜಲಪುರದ ಹುಡುಗನು ಕೇಳಿದಾಗ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ.

ಇನ್ನೊಂದು ವಿಷಯವು ನಮ್ಮ ಸೀಮೆಗೇ ವಿಶೇಷವಾದುದು. ಇನ್ಸುಲಿನನ್ನು ತೆರೆಯುವವರೆಗೆ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ಮೀರುವುದು ಪ್ರತಿವರ್ಷದ ಅನುಭವ. ಮುಚ್ಚಿದ ಗಾಡಿಯೊಳಗೆ ಇನ್ನೆಷ್ಟೋ. ಮಂಜಿನ ಚೀಲವನ್ನು ಕೂಡಿಸಿಯೇ ಕಟ್ಟುತ್ತಾರೆ. ಆದರೆ ಪೆಟ್ಟಿಗೆಯು ಕಲಬುರಗಿಯಲ್ಲಿ ಒಂದು ದಿನ ನಿಂತು, ಮರುದಿನ ಹಳ್ಳಿಗೆ ಹೊರಟರೆ ಆ ಮಂಜು ಎಲ್ಲಿಯವರೆಗೆ ಉಳಿದೀತು? ಕೆಟ್ಟ ಇನ್ಸುಲಿನಿನ ಬಣ್ಣವು ಎಲ್ಲ ಸಲವೂ ಬದಲಾಗುವುದಿಲ್ಲ. ಸಕ್ಕರೆಯು ಏರಿದಾಗಲೇ ತಿಳಿಯುವುದು. ಊರಿನ ಅಂಗಡಿಯವರೂ ಇಲ್ಲಿ ನಿರಪರಾಧಿಗಳೆಂದು ಹೇಳಲಾಗದು. ಕರೆಂಟು ಹೋದಾಗ ಫ್ರಿಜ್ಜು ಎಷ್ಟು ಹೊತ್ತು ತಣ್ಣಗಿತ್ತೆಂದು ನೋಡುವ ಉಷ್ಣಮಾಪಕವನ್ನು ಅದರೊಳಗೆ ಇಟ್ಟಿರುವವರು ಎಷ್ಟು ಮಂದಿ? ಜೇವರ್ಗಿಯ ಹುಡುಗನು ಬೆಂಗಳೂರಿನ ಮಾತನ್ನೇ ಆಡುತ್ತಿದ್ದವನು, ಈ ವಿಷಯ ಬಂದಾಗ ಮಾತ್ರ ಬಹಳ ಹೊತ್ತು ಯೋಚಿಸಿದನು. ಅವನ ಮುತ್ಯಾ ಇನ್ಸುಲಿನ್ ತೆಗೆದುಕೊಳ್ಳುವವರು.

ಅಫಜಲಪುರದ ಗೃಹಸ್ಥರಿಗೆ ನನ್ನ ಅಭಿಪ್ರಾಯವಿಷ್ಟು. ಮಗನ ವಿದ್ಯೆಯನ್ನು ನಿಲ್ಲಿಸಬೇಡಿರಿ. ಆದರೆ ಅಂಗಡಿಯನ್ನು ಕಿರಾಣಿ ಅಂಗಡಿಯ ಲೆಕ್ಕದಲ್ಲಿ ಇಡುವುದಾದರೆ, ಸಾಲವನ್ನು ಹೆಚ್ಚಿಸದೆ ಈಗಲೇ ಬೇರೆ ಯೋಚನೆ ಮಾಡುವುದು ಒಳ್ಳೆಯದು. ಚಿಲ್ಲರೆ ಔಷಧದ ಅಂಗಡಿಗೆ ಕನಿಷ್ಠ ೧೦ ಚದರ ಮೀಟರ್ ಸ್ಥಳ, ಫ್ರಿಜ್ಜು ಮತ್ತು ನೋಂದಾಯಿತ ಫಾರ್ಮಸಿಸ್ಟನ ಇರುವಿಕೆ ನಿಯಮದಲ್ಲಿಯೇ ಉಂಟು. ಅದರ ಮೇಲೆ, ಆ ಕುರ್ಚಿಯಲ್ಲಿ ಅವನೇ ದಿನವೂ ಕುಳಿತುಕೊಳ್ಳುವುದಾದರೆ, ನಿತ್ಯ ಔಷಧ ಬೇಕಾದ ಊರಿನ ವೃದ್ಧರ ಹೆಸರನ್ನು ಒಂದು ವಹಿಯಲ್ಲಿ ಬರೆದಿಟ್ಟು, ಔಷಧ ಮುಗಿಯುವ ಮುಂಚೆಯೇ ತರಿಸಿಟ್ಟು, ಫೋನು ಮಾಡಿ ತಿಳಿಸಿ, ನಡೆಯಲಾರದವರ ಮನೆಗೆ ತಾನೇ ಮುಟ್ಟಿಸುವುದಾದರೆ, ದೂರದ ಉಗ್ರಾಣದವನು ಅವನನ್ನು ಸುಲಭವಾಗಿ ಗೆಲ್ಲಲಾರನು. ನೂರಕ್ಕೆ ಇಪ್ಪತ್ತನ್ನು ಬಿಡಲು ಅವನ ಕೈಲಾಗದು. ಐದನ್ನೋ ಹತ್ತನ್ನೋ ಬಿಡಬಹುದು. ಉಳಿದುದನ್ನು ಅವನ ಮಾತು ತುಂಬಬೇಕು. ಅಷ್ಟರಿಂದ ಸಂಸಾರವು ಸಾಗುವುದೇ ಎಂದು ಕೇಳಿದರೆ, ಊರಿನ ಗಾತ್ರವನ್ನು ನೋಡಿ ಹೇಳಬೇಕು. ತಾಲೂಕು ಕೇಂದ್ರದಲ್ಲಿ ಈಗಾಗಲೇ ಸಾಲುಸಾಲಾಗಿ ಅಂಗಡಿಗಳಿವೆ. ಅಂಗಡಿಯೇ ಇಲ್ಲದ ದೊಡ್ಡ ಹಳ್ಳಿಗಳನ್ನು ಹುಡುಕುವುದು ಮೇಲು. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವ ಮಾತನ್ನು ಯಾರಾದರೂ ಆಡಿದರೆ ಅವರನ್ನು ಮನೆಯ ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸತಕ್ಕದ್ದು. ಆ ಬಾಡಿಗೆಯ ಹಣದ ಆಸೆಯೇ ಈ ಉದ್ಯೋಗವನ್ನು ಒಳಗಿನಿಂದ ತಿಂದಿರುವುದು.

ಆನ್‌ಲೈನಿನಿಂದ ತರಿಸುವ ಗೃಹಸ್ಥರಿಗೂ ಆ ಮಕ್ಕಳು ಕೆಲವು ಎಚ್ಚರಿಕೆಗಳನ್ನು ಹೇಳಿದ್ದಾರೆ. ನಾನು ಬರೆದುಕೊಂಡಂತೆ ಇಲ್ಲಿ ಕೊಡುತ್ತೇನೆ. ವೈದ್ಯರ ಚೀಟಿಯನ್ನು ಕೇಳದೆಯೇ ಪ್ರತಿಜೈವಿಕ ಔಷಧವನ್ನು ಕಳುಹಿಸುವವರಿಂದ ಬೇರೆ ಯಾವುದನ್ನೂ ಕೊಳ್ಳಬಾರದು. ಎಚ್-೧ ಎಂಬ ಅನುಸೂಚಿಯಲ್ಲಿರುವ ಔಷಧಗಳನ್ನು ಕೊಡುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕೆಂದು ೨೦೧೪ರಿಂದ ನಿಯಮವಿದೆ. ಊರಿನ ಅಂಗಡಿಯವನು ಹೆಸರು ಕೇಳಿದರೆ ಸಿಟ್ಟಾಗಬಾರದು. ಪೆಟ್ಟಿಗೆಯ ಬಿಲ್ಲಿನಲ್ಲಿ ಮಾರಿದ ಅಂಗಡಿಯ ಹೆಸರು, ವಿಳಾಸ, ಪರವಾನಗಿಯ ಸಂಖ್ಯೆ ಇವೆಯೇ ಎಂದು ನೋಡಬೇಕು; ಗುಳಿಗೆಯ ಪಟ್ಟಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಅವಧಿಯ ದಿನಾಂಕವೂ ಬಿಲ್ಲಿನಲ್ಲಿರುವುದಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ತೆರೆಯದೆ ಹಿಂದಕ್ಕೆ ಕಳುಹಿಸಬೇಕು. ಇನ್ಸುಲಿನನ್ನು ಮಾತ್ರ ಯುಗಾದಿಯಿಂದ ಮುಂಗಾರಿನವರೆಗೆ ಹತ್ತಿರದ ಅಂಗಡಿಯಿಂದಲೇ ಕೊಳ್ಳುವುದು, ಕೊಳ್ಳುವ ಮುಂಚೆ ಅವರ ಫ್ರಿಜ್ಜನ್ನು ತೆರೆಯಿಸಿ ನೋಡುವುದು ಉತ್ತಮ ಎಂದು ಆಳಂದದ ಹೆಣ್ಣುಮಗಳು ಸೇರಿಸಿದಳು. ಸಂಕೋಚಪಡಬೇಕಾಗಿಲ್ಲವಂತೆ.

ಮನೆಯಲ್ಲಿ ಉಳಿದ ಹಳೆಯ ಗುಳಿಗೆಗಳನ್ನು ಏನು ಮಾಡಬೇಕೆಂದು ಜೇವರ್ಗಿಯ ಗೃಹಿಣಿಯೊಬ್ಬರು ಕೇಳಿದ್ದಾರೆ. ಅದನ್ನು ಮುಂದಿನ ತಿಂಗಳು ವಿಚಾರಿಸೋಣ.